ಬಸವಣ್ಣನವರ ಸನ್ನಿಧಿಯಲ್ಲಿ ಆಟದವರು: ಆಧಾರಗಳ ಪದರಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ವೇಷಗಾರರು, ನಗೆಗಾರರು, ವಾದ್ಯಗಾರರು ಮತ್ತು ಊರೂರು ತಿರುಗಿ ಆಟ ತೋರಿಸಿ ಹೊಟ್ಟೆ ಹೊರೆಯುವವರು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸನ್ನಿಧಿಗೆ ಬಂದರೆಂಬ ಮಾತು ವಿಜಯಪುರ ಜಿಲ್ಲೆಯ ಪ್ರವಚನಗಳಲ್ಲೂ ಶಾಲಾ ಪಾಠಗಳಲ್ಲೂ ಸಾಮಾನ್ಯವಾಗಿ ಕೇಳಿಬರುತ್ತದೆ. ಮಾತು ನಿರಾಧಾರವಲ್ಲ. ಆದರೆ ಅದಕ್ಕೆ ಒದಗುವ ಆಧಾರಗಳು ಒಂದೇ ಕಾಲದವಲ್ಲ, ಒಂದೇ ಬಗೆಯವೂ ಅಲ್ಲ. ವಚನ, ರಗಳೆ, ತೆಲುಗು ಪುರಾಣ, ಕನ್ನಡ ಪುರಾಣ, ಸಂಪಾದನೆ ಇವುಗಳಲ್ಲಿ ಯಾವುದು ಏನನ್ನು ಹೇಳುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

‘ಆಟದವರು’ ಎಂಬ ಶಬ್ದವನ್ನು ಇಲ್ಲಿ ವಿಶಾಲ ಅರ್ಥದಲ್ಲಿ ಬಳಸಿದೆ. ಡೇರೆ ಹೊಡೆದು ಟಿಕೆಟ್ ಹಚ್ಚಿ ತೋರಿಸುವ ಸರ್ಕಸ್ ನಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ವಿಷ್ಣುಪಂತ ಛತ್ರೆಯವರ ‘ಗ್ರೇಟ್ ಇಂಡಿಯನ್ ಸರ್ಕಸ್’ನ ಮೊದಲ ಪ್ರದರ್ಶನಕ್ಕೆ 1880 ಮತ್ತು 1882 ಎಂಬ ಎರಡು ವರ್ಷಗಳು ಚಲಾವಣೆಯಲ್ಲಿವೆ. ಮಿರಜ ಭಾಗದ ಮ್ಹೈಸಾಳದ ದೇವಲರ ಸರ್ಕಸ್ಸೂ ಅದೇ ಪರಂಪರೆಯದು. ಅದಕ್ಕಿಂತ ಮೊದಲು ಹಗ್ಗದ ಮೇಲೆ ನಡೆಯುವ, ಗಳೆ ಏರುವ, ಲಾಗ ಹಾಕುವ, ವೇಷ ಕಟ್ಟುವ, ಪ್ರಾಣಿ ಆಡಿಸುವ ವಿದ್ಯೆಗಳು ಬೇರೆ ಬೇರೆ ಸಮುದಾಯಗಳ ಕೈಯಲ್ಲಿದ್ದವು. ಪ್ರಸ್ತುತ ಪ್ರಶ್ನೆ ಇರುವುದು ಅಂಥವರನ್ನು ಕುರಿತು.

ಪ್ರದೇಶದ ಮಿತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. 1884ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಜೆಟಿಯರಿನ ವಿಜಾಪುರ ಸಂಪುಟದಲ್ಲಿ ಈ ನಾಲ್ಕೂ ಪ್ರತ್ಯೇಕ ತಾಲ್ಲೂಕುಗಳು, ನಾಲ್ಕನೆಯದರ ಹೆಸರು ಅಲ್ಲಿ ಬರಿಯ ಬಾಗೇವಾಡಿ. ಈಚೆಗೆ ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ, ಆಲಮೇಲ, ನಿಡಗುಂದಿ, ಕೊಲ್ಹಾರ ಮೊದಲಾದವು ಬೇರೆ ತಾಲ್ಲೂಕುಗಳಾಗಿವೆ. ಇಲ್ಲಿ ಹಳೆಯ ಎಲ್ಲೆಯನ್ನೇ ಹಿಡಿದಿದೆ.

2. ಕಾಲ ಮತ್ತು ಸ್ಥಳ

ಬಸವಣ್ಣನವರ ಜನ್ಮವರ್ಷಕ್ಕೆ 1105, 1131, 1134 ಎಂಬ ಮೂರು ಸೂಚನೆಗಳು ಪ್ರಚಲಿತವಾಗಿವೆ. ಲಿಂಗೈಕ್ಯರಾದ ವರ್ಷವನ್ನು ಬಹುಪಾಲು ವಿದ್ವಾಂಸರು 1167 ಅಥವಾ 1168 ಎಂದು ಹಿಡಿಯುತ್ತಾರೆ, 1196 ಎಂಬ ಇನ್ನೊಂದು ಎಣಿಕೆಯೂ ಇದೆ. ಶಾಸನಾಧಾರಗಳಲ್ಲಿ ಹೆಚ್ಚು ಚರ್ಚಿತವಾದದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ್ದು. ಸೇವುಣರ ಕನ್ನರನ ಕಾಲದ, ಕ್ರಿ.ಶ. 1260ರ ಈ ಶಾಸನವು ಸಂಗನಬಸವನನ್ನೂ ಬಾಗವಾಡಿಯ ಮಾದಿರಾಜನನ್ನೂ ಹೆಸರಿಸಿ, ಬಾಗವಾಡಿಯನ್ನು ತರ್ದವಾಡಿ ನಾಡಿಗೆ ಸೇರಿಸುತ್ತದೆ. ತರ್ದವಾಡಿ ಸಾವಿರದ ಹರವು ಇಂದಿನ ಇಂಡಿ, ವಿಜಯಪುರ, ಬಾಗೇವಾಡಿ ಭಾಗಗಳನ್ನು ಬಹುಮಟ್ಟಿಗೆ ಒಳಗೊಂಡಿತ್ತು. ಬಸವಣ್ಣನವರಿಗೂ ಈ ಶಾಸನಕ್ಕೂ ನಡುವೆ ಸುಮಾರು ಒಂದು ಶತಮಾನದ ಅಂತರವಿದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ವ್ಯತ್ಯಾಸ ಈ ಟಿಪ್ಪಣಿಗೆ ಹೆಚ್ಚು ಮುಖ್ಯವಾದದ್ದು. ಹರಿಹರನ ‘ಬಸವರಾಜದೇವರ ರಗಳೆ’ ಬಸವಣ್ಣನವರನ್ನು ಬಾಗೇವಾಡಿಯಿಂದ ಕಪ್ಪಡಿ ಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ ಕರೆದೊಯ್ಯುತ್ತದೆ. ಬಿಜ್ಜಳನ ಭಂಡಾರದ ಕಾರ್ಯ, ಶರಣರ ದಾಸೋಹ ಇವೆಲ್ಲ ನಡೆಯುವುದು ಮಂಗಳವಾಡದಲ್ಲಿ. ಮುಂದಿನ ಪುರಾಣಗಳು ಇವನ್ನು ಕಲ್ಯಾಣಕ್ಕೆ ಸಾಗಿಸುತ್ತವೆ. ಮಂಗಳವಾಡ ಎಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ, ಭೀಮೆಯ ಈಚೆಗೇ, ಇಂಡಿ ಸೀಮೆಗೆ ಹತ್ತಿರ. ಕಲ್ಯಾಣವಾದರೋ ಬೀದರ ಜಿಲ್ಲೆಯಲ್ಲಿದೆ. ಬಿಜ್ಜಳನು ಚಾಲುಕ್ಯರ ಅಧಿಕಾರವನ್ನು ಮೀರಿ ನಿಂತದ್ದು 1157ರಿಂದ 1162ರ ನಡುವೆ, ಮಗ ಸೋವಿದೇವನಿಗೆ ಅಧಿಕಾರ ಬಿಟ್ಟದ್ದು 1167–68ರಲ್ಲಿ ಎಂದು ಒಪ್ಪಿದರೆ, ಬಸವಣ್ಣನವರು ಬಿಜ್ಜಳನ ಮಂತ್ರಿಯಾಗಿ ಕಲ್ಯಾಣದಲ್ಲಿದ್ದ ಅವಧಿ ಐದರಿಂದ ಹತ್ತು ವರ್ಷಗಳಿಗಿಂತ ಹೆಚ್ಚಾಗಲಾರದು. ಆಟದವರು ಬಂದದ್ದು ಕಲ್ಯಾಣಕ್ಕೇ ಎಂದು ಸಾಧಿಸುವವರು ಅವರೆಲ್ಲರನ್ನೂ ಈ ಕಿರಿದಾದ ಅವಧಿಯೊಳಗೆ ತರಬೇಕಾಗುತ್ತದೆ. ಅಸಾಧ್ಯವೇನಲ್ಲ. ಆದರೆ ಕೈಪಿಡಿಗಳಲ್ಲಿ ಅನೇಕ ಶರಣರ ಹೆಸರಿನ ಮುಂದೆ ಏಕರೂಪವಾಗಿ ಕಾಣುವ ‘ಕಾಲ: ಸು. 1160’ ಎಂಬ ನಮೂದು ಸ್ವತಂತ್ರ ಸಾಕ್ಷ್ಯವಲ್ಲ, ಈ ಅವಧಿಯಿಂದಲೇ ಹುಟ್ಟಿದ ಅನುಮಾನ. ಅದನ್ನು ಮತ್ತೆ ಈ ಅವಧಿಗೇ ಪ್ರಮಾಣವಾಗಿ ತೋರಿಸಿದರೆ ವಾದ ಸುತ್ತಿಕೊಳ್ಳುತ್ತದೆ.

3. ಅರಮನೆಯ ಕಡೆಯ ಸಾಕ್ಷ್ಯ

ಕಲ್ಯಾಣದಲ್ಲಿ ಆಟದವರಿದ್ದರೆ? ಇದ್ದರು, ಇದಕ್ಕೆ ಉತ್ತರ ಸಾಕಷ್ಟು ಗಟ್ಟಿಯಾಗಿದೆ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶಕ 1051 ಎಂಬ ಕಾಲಸೂಚನೆ ಇರುವುದರಿಂದ ಅದರ ರಚನೆಯನ್ನು 1129 ಅಥವಾ ಅದರ ಒಂದೆರಡು ವರ್ಷಗಳ ಆಚೀಚೆ ಇಡುವುದು ರೂಢಿ. ಬಸವಣ್ಣನವರ ಜನನಕ್ಕೆ ಹೇಳುವ 1131ಕ್ಕೆ ಇದು ತೀರ ಸಮೀಪ. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮಲ್ಲರ ಕಾಳಗ, ಕೋಳಿ, ಟಗರು, ಕೋಣಗಳ ಕಾಳಗ, ಗೀತ, ವಾದ್ಯ, ನೃತ್ಯ, ಕಥೆ, ಚಮತ್ಕಾರ ಇವೆಲ್ಲ ಬರುತ್ತವೆ. ನೃತ್ಯವನ್ನು ಹೇಳುವಲ್ಲಿ ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣರ ಜೊತೆಗೆ ಕೊಲ್ಲಾಟಿಕ ಎಂಬ ಒಂದು ವರ್ಗವೂ ಸೇರಿದೆ. ಮುಂದೆ ದೇವಗಿರಿಯಲ್ಲಿ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಇದೇ ವರ್ಗದ ಲಕ್ಷಣ ಹೇಳುತ್ತಾನೆ: ಭಾರ ಹೊರುವುದು, ಗಿರಕಿ ಹೊಡೆಯುವುದು, ಹಗ್ಗದ ಮೇಲೆ ಸಂಚರಿಸುವುದು, ಕಿರುಗತ್ತಿ ಹಿಡಿದು ಕುಣಿಯುವುದು. ಇಂದಿನ ಮಾತಿನಲ್ಲಿ ಇದು ದೊಂಬರಾಟ ಎಂದರೆ ತಪ್ಪಾಗದು.

ಆರ್.ಇ. ಎಂಥೋವನ್ 1920–22ರಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತದ ಜಾತಿ-ಬುಡಕಟ್ಟುಗಳ ಮೂರು ಸಂಪುಟಗಳಲ್ಲಿ ಕೋಲ್ಹಾಟಿ ಸಮುದಾಯವು ಲಾಗ ಹಾಕುವ ವೃತ್ತಿಯೊಂದಿಗೆ ದಾಖಲಾಗಿದೆ. ಹೆಸರಿನ ಹೋಲಿಕೆಯೂ ವೃತ್ತಿಯ ಹೋಲಿಕೆಯೂ ಆಕರ್ಷಕವಾಗಿವೆ. ಆದರೂ ಎಂಟು ಶತಮಾನಗಳ ಅಂತರವನ್ನು ದಾಟಿ ಒಂದೇ ಸಮುದಾಯದ ನಿರಂತರ ಇತಿಹಾಸವನ್ನು ಇದರಿಂದ ಕಟ್ಟಲಾಗದು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಡೊಂಬರ’ ಎಂಬ ಹೆಸರಿದೆ, ಅದನ್ನೂ ‘ಮಾನಸೋಲ್ಲಾಸ’ದ ವರ್ಗಕ್ಕೆ ನೇರವಾಗಿ ಜೋಡಿಸುವುದು ಅವಸರದ ನಡೆಯಾದೀತು.

ಇಲ್ಲಿ ಗಮನಿಸಬೇಕಾದ್ದು ಇಷ್ಟೇ. ‘ಮಾನಸೋಲ್ಲಾಸ’ದಲ್ಲಿ ಆಟದವರು ಒಂದು ಸಭೆಯ ವಸ್ತು. ಅರಸ ಕುಳಿತಿರುತ್ತಾನೆ, ಅವರು ಆಡುತ್ತಾರೆ, ಅವನು ಮೆಚ್ಚಿ ಕೊಡುತ್ತಾನೆ. ಅವರ ಹೆಸರಿಲ್ಲ, ಅವರ ಮಾತಿಲ್ಲ. ಒಂದೆರಡು ತಲೆಮಾರಿನೊಳಗೆ ಅದೇ ಸೀಮೆಯಲ್ಲಿ ಅಂಥವರ ಹೆಸರುಗಳು ಅಂಕಿತಸಹಿತವಾಗಿ ಸಿಗತೊಡಗುತ್ತವೆ.

4. ಹೆಸರು, ಅಂಕಿತ, ವೃತ್ತಿ

ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಿಂದ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಹೆಸರುಗಳನ್ನು ಹೀಗೆ ಆಯಬಹುದು. ಬಹುರೂಪಿ ಚೌಡಯ್ಯ: ಅಂಕಿತ ‘ರೇಕಣ್ಣಪ್ರಿಯ ನಾಗಿನಾಥ’, 66 ವಚನಗಳು, ಊರು ರೇಕಳಿಕೆ ಎಂಬುದು ಪ್ರತೀತಿ. ನಗೆಯ ಮಾರಿತಂದೆ: ಅಂಕಿತ ‘ಆತುರವೈರಿ ಮಾರೇಶ್ವರ’, 100 ವಚನಗಳು. ಢಕ್ಕೆಯ ಬೊಮ್ಮಣ್ಣ: ಅಂಕಿತ ‘ಕಾಲಾಂತಕ ಭೀಮೇಶ್ವರಲಿಂಗ’, ಸುಮಾರು 90 ವಚನಗಳು, ಢಕ್ಕೆ ಬಾರಿಸುತ್ತ ಮಾರಿಯನ್ನು ಹೊತ್ತು ಊರೂರು ತಿರುಗುವ ವೃತ್ತಿಯವನೆಂದು ಹೇಳಿಕೆ. ಕಲಕೇತಯ್ಯ: ಅಂಕಿತ ‘ಮೇಖಲೇಶ್ವರಲಿಂಗ’, ಸಿಕ್ಕಿರುವ ವಚನಗಳು ಹತ್ತರ ಆಸುಪಾಸು. ಕಿನ್ನರಿ ಬೊಮ್ಮಯ್ಯ: ಅಂಕಿತ ‘ಮಹಾಲಿಂಗ ತ್ರಿಪುರಾಂತಕ’, ಮೂಲತಃ ಅಕ್ಕಸಾಲೆ, ಕಲ್ಯಾಣದ ತ್ರಿಪುರಾಂತಕ ಗುಡಿಯಲ್ಲಿ ಕಿನ್ನರಿ ನುಡಿಸುವುದು ಅವನ ಕಾಯಕ.

ವೃತ್ತಿಯನ್ನು ಇಲ್ಲಿ ಮೂರು ಆಧಾರಗಳಿಂದ ಊಹಿಸಲಾಗುತ್ತದೆ: ಹೆಸರಿನ ಮುಂದಿನ ವಿಶೇಷಣ, ವಚನಗಳ ಒಳಗಿನ ಪರಿಭಾಷೆ, ಪುರಾಣದ ಕಥೆ. ಮೂರೂ ಒಂದಕ್ಕೊಂದು ಹೊಂದಿದಾಗ ಮಾತ್ರ ನಂಬಿಕೆಗೆ ಬಲ. ಚೌಡಯ್ಯನಲ್ಲಿ ಮೊದಲೆರಡು ಚೆನ್ನಾಗಿ ಹೊಂದುತ್ತವೆ. ‘ಬಹುರೂಪ’ ಅವನ ವಚನಗಳಲ್ಲಿ ಮರುಕಳಿಸುವ ಪರಿಭಾಷೆ, ಒಂದು ಜೀವ ಅನೇಕ ಸೋಗುಗಳನ್ನು ತೊಟ್ಟು ಕಳಚುವ ಕ್ರಮವನ್ನು ಅವನು ವೇಷಗಾರನ ಕಣ್ಣಿನಿಂದ ನೋಡಿದಂತಿದೆ. ಬಸವಣ್ಣನವರನ್ನು ಅವನು ಹೆಸರಿಸಿ ನೆನೆಯುತ್ತಾನೆ. ಆದರೆ ಆ ನೆನೆಕೆಯನ್ನು ‘ಇಂಥ ದಿನ ಇಂಥ ಕಡೆ ಆಟ ಆಡಿದೆ’ ಎಂಬ ವರದಿಯಾಗಿ ಓದಲಾಗದು. ವಚನದಲ್ಲಿ ಶರಣರ ಹೆಸರುಗಳನ್ನು ಸ್ಮರಿಸುವುದು ಒಂದು ಪದ್ಧತಿ, ಹಾಗೆ ಸ್ಮರಿಸಿದವನು ಎದುರಿಗೇ ಇದ್ದನೆಂಬುದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ. ಅಂಕಿತದಲ್ಲಿರುವ ರೇಕಣ್ಣ, ನಾಗಿನಾಥ ಎಂಬ ಎರಡು ಹೆಸರುಗಳಲ್ಲಿ ಗುರುವಿನದು ಯಾವುದು, ತಂದೆಯದು ಯಾವುದು ಎಂಬಲ್ಲಿಯೂ ಕೈಪಿಡಿಗಳು ಒಮ್ಮತಕ್ಕೆ ಬರುವುದಿಲ್ಲ.

ಮಾರಿತಂದೆಯ ವಿಷಯ ಹೆಚ್ಚು ಸೂಕ್ಷ್ಮ. ‘ನಗೆಯ’ ಎಂಬ ವಿಶೇಷಣದಿಂದ ನಗಿಸುವುದೇ ಅವನ ಕಾಯಕವೆಂದು ಪರಂಪರೆ ಹೇಳುತ್ತದೆ. ಅವನ ವಚನಗಳಲ್ಲಿ ಕಣ್ಣಿಗೆ ಬೀಳುವುದು ನಗೆಚಾಟಿಕೆಗಿಂತ ಹೆಚ್ಚಾಗಿ ಬೆಡಗು, ಒಗಟಿನಂಥ ಕಟ್ಟು. ಇದು ವಿರೋಧಾಭಾಸವಾಗಬೇಕಿಲ್ಲ. ಸಭೆಯ ಮುಂದೆ ಒಗಟು ಎಸೆದು ತಬ್ಬಿಬ್ಬುಗೊಳಿಸುವುದೂ ನಗೆಗಾರರ ವಿದ್ಯೆಗಳಲ್ಲೊಂದು. ಆದರೂ ವಿಶೇಷಣ ಮತ್ತು ವಚನ ನೇರವಾಗಿ ಹೊಂದುವುದಿಲ್ಲ ಎಂಬ ಮಾತನ್ನು ದಾಖಲಿಸಿಡಬೇಕು.

ಕಲಕೇತಯ್ಯನಲ್ಲಿ ತೊಡಕು ಹೆಸರಿನದೇ. ಕಲಕೇತಯ್ಯ, ಕಲಕೇತ ಬೊಮ್ಮಯ್ಯ, ಕಲಕೇತ ಬ್ರಹ್ಮಯ್ಯ ಎಂಬ ರೂಪಗಳು ಬೇರೆ ಬೇರೆ ಕಡೆ ಬರುತ್ತವೆ. ಬೊಮ್ಮಯ್ಯ ಮತ್ತು ಬ್ರಹ್ಮಯ್ಯ ಒಂದೇ ಹೆಸರಿನ ತದ್ಭವ-ತತ್ಸಮ ರೂಪಗಳಾದ್ದರಿಂದ ಆ ಎರಡನ್ನು ಒಬ್ಬನೇ ಎನ್ನುವುದು ಕಷ್ಟವಲ್ಲ. ಮೇಖಲೇಶ್ವರಲಿಂಗದ ವಚನಕಾರನೂ ಪುರಾಣದ ಬ್ರಹ್ಮಯ್ಯನೂ ಒಬ್ಬನೇ ಎಂಬುದು ಬಹುತೇಕ ಒಪ್ಪಿತವಾದ, ಆದರೆ ಅನುಮಾನದ ಮೇಲೆಯೇ ನಿಂತ ಸಮೀಕರಣ.

ವಿಶೇಷಣವನ್ನು ನೆಚ್ಚುವುದರ ಅಪಾಯಕ್ಕೆ ಇದೇ ಜಿಲ್ಲೆಯ ಒಂದು ನಿದರ್ಶನ ಸಾಕು. ಹಾವಿನಹಾಳ ಕಲ್ಲಯ್ಯನ ಹೆಸರಿನಲ್ಲಿ ಹಾವು ಇದೆ. ಅವನು ನಾಯಿಯ ಬಾಯಿಂದ ವೇದ ಓದಿಸಿದನೆಂಬ ಕಥೆಯೂ ಪ್ರಸಿದ್ಧವಾಗಿದೆ. ಹೆಸರು ಮತ್ತು ಕಥೆ ಎರಡನ್ನೂ ಸೇರಿಸಿದರೆ ಹಾವಾಡಿಗ, ಪ್ರಾಣಿ ಪಳಗಿಸುವವನು ಎಂಬ ಚಿತ್ರ ತಾನಾಗಿ ಮೂಡುತ್ತದೆ. ಎರಡೂ ಸರಿಯಲ್ಲ. ಹಾವಿನಹಾಳ ಎಂಬುದು ಊರು, ಕಲ್ಲಯ್ಯ ‘ಮಹಾಲಿಂಗ ಕಲ್ಲೇಶ್ವರ’ ಅಂಕಿತದ ಅಕ್ಕಸಾಲೆ, ನಾಯಿಯ ಪ್ರಸಂಗ ಪವಾಡಕಥೆಯ ಜಾತಿಗೆ ಸೇರಿದ್ದು. ಅದರ ಗುರಿ ವೇದಾಧಿಕಾರದ ವಿವಾದ, ಆಟವಲ್ಲ. ಆದ್ದರಿಂದ ಅವನನ್ನು ಈ ಪಟ್ಟಿಯಿಂದ ಹೊರಗಿಟ್ಟಿದೆ.

ಪಟ್ಟಿಗೆ ಸೇರಿಸಬೇಕಾದ, ಆದರೆ ಸಾಮಾನ್ಯವಾಗಿ ಸೇರಿಸದ ಒಂದು ಹೆಸರಿದೆ. ಹರಿಹರನ ಇನ್ನೊಂದು ರಗಳೆಯಲ್ಲಿ ಅಲ್ಲಮ ಮದ್ದಳೆಯಲ್ಲಿ ನುರಿತವನು, ಕಾಮಲತೆಯನ್ನು ಪ್ರೀತಿಸಿ ಅವಳ ಸಾವಿನಿಂದ ವಿರಕ್ತನಾದವನು. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಪ್ರಸಂಗ ಬನವಾಸಿಯ ಮಾಯೆಯ ಕಡೆಗೆ ತಿರುಗುತ್ತದೆ, ಅಲ್ಲಮ ಮೊದಲಿಂದಲೂ ಮಾಯೆಗೆ ಸಿಕ್ಕದವನು. ಎರಡರಲ್ಲೂ ಉಳಿಯುವ ಸಮಾನಾಂಶ ಮದ್ದಳೆ. ಶೂನ್ಯಸಿಂಹಾಸನದಲ್ಲಿ ಕುಳಿತವನೇ ವಾದ್ಯಗಾರ ಎಂದ ಮೇಲೆ, ಆಟದವರು ಶರಣರ ಸಭೆಗೆ ಹೊರಗಿನಿಂದ ಬಂದು ತೋರಿಸಿ ಹೋಗುವವರಾಗಿದ್ದರು ಎಂಬ ಚಿತ್ರವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ.

5. ಉಳ್ಳಿಯ ಪ್ರಸಂಗ

ಕಲಾವಿದನೊಬ್ಬ ಮತ್ತು ಬಸವಣ್ಣನವರು ಎದುರುಬದುರಾಗುವ ಕಥೆಗಳಲ್ಲಿ ಹೆಚ್ಚು ವಿವರವುಳ್ಳದ್ದು ಕಿನ್ನರಿ ಬೊಮ್ಮಯ್ಯನದು. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’ ಮತ್ತು ಅದನ್ನು ಆಧರಿಸಿ 1369ರಲ್ಲಿ ಭೀಮಕವಿ ಪೂರೈಸಿದ ಕನ್ನಡ ‘ಬಸವಪುರಾಣ’ ಇದರ ಮುಖ್ಯ ಆಕರಗಳು. ಸ್ಥೂಲವಾಗಿ ಕಥೆ ಹೀಗಿದೆ. ಜಂಗಮರ ಅಡುಗೆಗಾಗಿ ಬೊಮ್ಮಯ್ಯನ ಕಡೆ ಉಳ್ಳಿ ಹೆಚ್ಚುತ್ತಿದ್ದಾಗ ಬಸವಣ್ಣನವರು ಅದರ ವಾಸನೆಗೆ ಅಸಹ್ಯಪಟ್ಟುಕೊಂಡರು. ಶಿವನಿಗೆ ಅರ್ಪಿತವಾಗುವ ಪದಾರ್ಥವನ್ನು ಹಳಿದರೆಂದು ಬೊಮ್ಮಯ್ಯ ಮುನಿದು ದೂರ ಸರಿದ. ತಪ್ಪಿನ ಅರಿವಾದ ಬಸವಣ್ಣನವರು ಅವನಲ್ಲಿಗೆ ಹೋಗಿ ಬೇಡಿಕೊಂಡು, ಉಳ್ಳಿಯನ್ನು ರಾಶಿ ತರಿಸಿ, ಮೆರವಣಿಗೆ ಮಾಡಿ ಉತ್ಸವವಾಗಿ ಕೊಂಡಾಡಿದರು.

ಐತಿಹಾಸಿಕ ಘಟನೆಯಾಗಿ ಇದನ್ನು ಸಾಧಿಸುವ ದಾರಿಯಿಲ್ಲ. ಸೋಮನಾಥನ ಕಾಲದ ಬಗೆಗೇ ಎರಡು ಪಕ್ಷಗಳಿವೆ: ಕಾಕತೀಯ ಮೊದಲನೆಯ ಪ್ರತಾಪರುದ್ರನ ಕಾಲಕ್ಕೆ ಸೇರಿಸುವವರು ಅವನನ್ನು ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿಡುತ್ತಾರೆ, ಎರಡನೆಯ ಪ್ರತಾಪರುದ್ರನ ಕಾಲಕ್ಕೆ ಸೇರಿಸುವವರು ಆ ಶತಮಾನದ ಕೊನೆಗೆ ತರುತ್ತಾರೆ. ಮೊದಲ ಪಕ್ಷವನ್ನು ಒಪ್ಪಿದರೆ ಕಥೆ ಬಸವಣ್ಣನವರ ನಂತರ ಎರಡು ಮೂರು ತಲೆಮಾರಿನೊಳಗಿನದು, ಬಾಯಿಮಾತಿನ ನೆನಪು ಇನ್ನೂ ಹಸಿಯಾಗಿರಬಹುದಾದ ಅಂತರ. ಎರಡನೆಯದಾದರೆ ಅರ್ಜುನವಾಡ ಶಾಸನಕ್ಕಿಂತಲೂ ಈಚಿನದು. ಹರಿಹರನ ‘ಬಸವರಾಜದೇವರ ರಗಳೆ’ಯ ಇಪ್ಪತ್ತೈದು ಸ್ಥಲಗಳಲ್ಲಿ ಹದಿಮೂರು ಮಾತ್ರ ದೊರೆತಿರುವುದರಿಂದ, ಕಳೆದುಹೋದ ಹನ್ನೆರಡರಲ್ಲಿ ಈ ಪ್ರಸಂಗ ಇತ್ತೆಂದಾಗಲಿ ಇರಲಿಲ್ಲವೆಂದಾಗಲಿ ವಾದಿಸುವುದು ಸಲ್ಲದು.

ಘಟನೆಯನ್ನು ಬದಿಗಿಟ್ಟು ಕಥೆಯ ರಚನೆಯನ್ನು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ‘ಮಾನಸೋಲ್ಲಾಸ’ದ ಸಭೆಯಲ್ಲಿ ಕಲಾವಿದ ದೊರೆಯ ಮುಂದೆ ನಿಲ್ಲುತ್ತಾನೆ. ಇಲ್ಲಿ ಕಲಾವಿದನಿರುವ ಕಡೆಗೆ ದಂಡನಾಯಕನೇ ಹೋಗಿ ನಿಲ್ಲುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತು ಮೆರವಣಿಗೆ ಎಂಬ ಪ್ರದರ್ಶನವನ್ನು ಕಲಾವಿದನ ಸಲುವಾಗಿ ತಾನೇ ಏರ್ಪಡಿಸುತ್ತಾನೆ. ಕಿನ್ನರಿಯ ನಾದವನ್ನು ಬಸವಣ್ಣನವರು ಕೇಳಿ ಮೆಚ್ಚುವುದು ಕಥೆಯ ತಿರುಳಲ್ಲ. ಬೊಮ್ಮಯ್ಯ ಇಲ್ಲಿ ಮುಖ್ಯನಾಗುವುದು ವಾದ್ಯಗಾರನಾಗಿ ಅಲ್ಲ, ದಾಸೋಹ ಮಾಡುವ ಸಮಾನ ಭಕ್ತನಾಗಿ. ಪುರಾಣಕಾರರಿಗೆ ಬೇಕಾಗಿದ್ದದ್ದು ಭಕ್ತಿಯ ಹಿರಿಮೆ ಎಂಬುದು ನಿಜ. ಆದರೂ ಆ ಹಿರಿಮೆಯನ್ನು ತೋರಿಸಲು ಅವರು ಅರಸನನ್ನಾಗಲಿ ಪಂಡಿತನನ್ನಾಗಲಿ ಆರಿಸದೆ, ಕಿನ್ನರಿ ನುಡಿಸುವ ಅಕ್ಕಸಾಲೆಯನ್ನು ಆರಿಸಿದ್ದು ಉಪೇಕ್ಷಿಸತಕ್ಕ ಸಂಗತಿಯಲ್ಲ. ಆಕರಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಈ ಕಥೆಯೇ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

6. ವೇಷದ ಪ್ರಶ್ನೆ

ಬಹುರೂಪಿಯ ವಿದ್ಯೆಯ ತಿರುಳು ವೇಷ. ವೇಷವನ್ನು ಕುರಿತು ಬಸವಣ್ಣನವರ ನಿಲುವು ಏನು ಎಂಬ ಪ್ರಶ್ನೆಗೆ ಪುರಾಣವೂ ವಚನವೂ ಒಂದೇ ಉತ್ತರ ಕೊಡುವುದಿಲ್ಲ.

ಸೋಮನಾಥನಲ್ಲಿ ಬರುವ ಒಂದು ಕಥೆಯಂತೆ, ಜಂಗಮರ ವೇಷ ತೊಟ್ಟು, ಲಿಂಗದ ಬದಲಿಗೆ ಬದನೆಕಾಯಿ ಕಟ್ಟಿಕೊಂಡು ಕಳ್ಳರು ಬಸವಣ್ಣನವರ ಮನೆಗೆ ಬರುತ್ತಾರೆ. ಅವರಿಗೂ ಬಸವಣ್ಣನವರು ಎಂದಿನಂತೆ ಸತ್ಕಾರ ಮಾಡುತ್ತಾರೆ, ಬದನೆಕಾಯಿಗಳು ಲಿಂಗಗಳಾಗುತ್ತವೆ. ಇಲ್ಲಿ ವ್ಯಕ್ತಿಗಿಂತ ವೇಷ ಹಿರಿದು, ನೋಡುವವನ ನಂಬಿಕೆ ಸೋಗನ್ನು ದಿಟವಾಗಿಸುತ್ತದೆ. ವಚನಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ದನಿ ಗಟ್ಟಿಯಾಗಿದೆ: ಒಳಗೆ ಭಕ್ತಿಯಿಲ್ಲದೆ ಹೊರಗೆ ಲಾಂಛನ ಹೊತ್ತವರನ್ನು ಬಸವಣ್ಣನವರು ಬಿಡದೆ ಟೀಕಿಸುತ್ತಾರೆ. ಎರಡನ್ನು ಹೊಂದಿಸಲು ಒಂದು ದಾರಿ ಉಂಟು. ಟೀಕೆಯ ಗುರಿ ಬಹುಮಟ್ಟಿಗೆ ತನ್ನನ್ನೇ ಅಥವಾ ತನ್ನವರನ್ನೇ ಕುರಿತದ್ದು, ಕಥೆಯ ಗುರಿ ಬಂದವರನ್ನು ಕಾಣುವ ಬಗೆ. ಈ ಹೊಂದಾಣಿಕೆ ಸಾಧ್ಯವೆಂದಷ್ಟೇ ಹೇಳಬಹುದು.

ಆಟದವರನ್ನೇ ವಸ್ತುವಾಗಿ ಉಳ್ಳ ಬಸವಣ್ಣನವರ ವಚನವೊಂದು ಸುಪ್ರಸಿದ್ಧ. ಮಗನ ಮದುವೆಗೆ ಶಕುನ ನೋಡಲು ಹೊರಟ ಮೂಗಿಲ್ಲದ ಹಾವಾಡಿಗ, ಜೊತೆಗೆ ಮೂಗಿಲ್ಲದ ಹೆಂಡತಿ, ಎದುರಿಗೆ ತಮ್ಮಂಥದೇ ಇನ್ನೊಂದು ಜೋಡಿ ಕಂಡಾಗ ಶಕುನ ಕೆಟ್ಟಿತೆಂದು ತಿಳಿಯುತ್ತಾನೆ. ತನ್ನ ಊನ ಕಾಣದೆ ಪರರನ್ನು ಹಳಿಯುವುದಕ್ಕೆ ಇದು ದೃಷ್ಟಾಂತ. ಹಾವಾಡಿಗ ಇಲ್ಲಿ ಆದರ್ಶವಲ್ಲ, ತಿದ್ದಬೇಕಾದವನು. ಬಸವಣ್ಣನವರು ಆಟದವರನ್ನೆಲ್ಲ ಸದಾ ಕೊಂಡಾಡಿದರೆಂಬ ಸರಳ ಹೇಳಿಕೆಗೆ ಇದು ತಡೆ ಒಡ್ಡುತ್ತದೆ. ಆದರೆ ಇದೇ ಕವಿ ಬೇರೆ ಕಡೆ ತನಗೆ ತಾಳ ಬಾರದು, ಮಾತ್ರೆ ತಿಳಿಯದು ಎಂದು ಹೇಳಿಕೊಂಡು ಒಲಿದಂತೆ ಹಾಡುವುದಾಗಿ ನುಡಿದಿದ್ದಾನೆ, ಇನ್ನೊಂದು ಕಡೆ ತನ್ನ ದೇಹವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡಿದ್ದಾನೆ. ಸಭೆಯ ಎದುರು ನಿಲ್ಲುವವನ ಜಾಗದಲ್ಲಿ ತನ್ನನ್ನೇ ಇರಿಸಿಕೊಳ್ಳುವ ಈ ರೀತಿ ಹಾವಾಡಿಗನ ದೃಷ್ಟಾಂತದಷ್ಟೇ ಗಮನಾರ್ಹ.

7. ಸಭೆ ಎಲ್ಲಿತ್ತು?

ಜನಪ್ರಿಯ ಚಿತ್ರಗಳಲ್ಲಿ ಈ ಭೇಟಿಗಳೆಲ್ಲ ನಡೆಯುವುದು ‘ಅನುಭವ ಮಂಟಪ’ದಲ್ಲಿ. ಕಟ್ಟಡವಾಗಿ, ಸದಸ್ಯತ್ವವುಳ್ಳ ಸಂಸ್ಥೆಯಾಗಿ ಅದನ್ನು ಕಲ್ಪಿಸುವುದರಲ್ಲಿ ಇಪ್ಪತ್ತನೆಯ ಶತಮಾನದ ಪಾಲು ದೊಡ್ಡದು. ವಿಜಯಪುರವನ್ನು ಕಾರ್ಯಕ್ಷೇತ್ರವಾಗಿ ಮಾಡಿಕೊಂಡ ಫ.ಗು. ಹಳಕಟ್ಟಿಯವರು (1880–1964) ತಾಡೋಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದ ಮೇಲೆಯೇ ಈ ವಚನಕಾರರಲ್ಲಿ ಅನೇಕರ ಹೆಸರು ಸಾಮಾನ್ಯ ಓದುಗರಿಗೆ ತಲುಪಿತು. ಶರಣರ ಸಂವಾದಗಳನ್ನು ದೃಶ್ಯರೂಪದಲ್ಲಿ ಜೋಡಿಸಿದ ‘ಶೂನ್ಯಸಂಪಾದನೆ’ಗಳು ನಾಲ್ಕು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇವರ ಕೃತಿಗಳು. ಅವೆಲ್ಲ ಹದಿನೈದು-ಹದಿನಾರನೆಯ ಶತಮಾನದವು. ಅಂದರೆ ಯಾವ ವಚನ ಯಾರಿಗೆ ಉತ್ತರವಾಗಿ, ಯಾರ ಎದುರು ಹುಟ್ಟಿತು ಎಂಬ ಸಂದರ್ಭ ಬಹುಮಟ್ಟಿಗೆ ಸಂಪಾದಕರದು. ಕಿನ್ನರಿ ಬೊಮ್ಮಯ್ಯ ಅಕ್ಕಮಹಾದೇವಿಯನ್ನು ಪರೀಕ್ಷಿಸುವ ಪ್ರಸಂಗವನ್ನೂ ಈ ಎಚ್ಚರದಿಂದಲೇ ಓದಬೇಕು.

ಸಭೆಯ ಬದಲು ದಾಸೋಹದ ಮನೆಯನ್ನು ಕಲ್ಪಿಸಿಕೊಂಡರೆ ಅನೇಕ ತೊಡಕುಗಳು ಕಡಿಮೆಯಾಗುತ್ತವೆ. ಹರಿಹರನ ಮಂಗಳವಾಡದಲ್ಲಿಯೂ, ಸೋಮನಾಥನ ಕಲ್ಯಾಣದಲ್ಲಿಯೂ ಜನ ಬರುವುದು ಉಣ್ಣಲು, ಕೂಡಲು, ಹಾಡಲು. ಊರೂರು ತಿರುಗುವ ವೇಷಗಾರ, ಢಕ್ಕೆಯವ, ನಗೆಗಾರ ಇಂಥ ಮನೆಯ ಬಾಗಿಲಿಗೆ ಬರುವುದು ವೃತ್ತಿಸಹಜ. ಮಡಿವಾಳ ಮಾಚಯ್ಯನ ಊರಾದ ಹಿಪ್ಪರಗಿ ಹಳೆಯ ಸಿಂದಗಿ ತಾಲ್ಲೂಕಿನದು, ನೀಲಮ್ಮನ ಐಕ್ಯಸ್ಥಳವೆಂದು ನಂಬಲಾದ ತಂಗಡಗಿ ಮುದ್ದೇಬಿಹಾಳದ್ದು, ಬಸವಣ್ಣನವರ ತಾಯಿಯ ತವರೆಂದು ಹೇಳುವ ಇಂಗಳೇಶ್ವರ ಬಾಗೇವಾಡಿಯದು. ಬಾಗೇವಾಡಿಯಿಂದ ಇಂಡಿ ಸೀಮೆಯ ಮೇಲೆ ಮುಂದೆ ಸಾಗಿದರೆ ಮಂಗಳವೇಢೆ. ಆಟದವರ ಸಂಚಾರಕ್ಕೂ ಶರಣರ ಸಂಚಾರಕ್ಕೂ ಈ ಒಂದೇ ದಾರಿ ಒದಗಿರಬಹುದು ಎಂಬುದು ಭೂಗೋಳದಿಂದ ಬರುವ ಸಂಭಾವ್ಯತೆ, ಪ್ರಮಾಣವಲ್ಲ.

8. ಹೋಲಿಕೆಗೆ

ಧರ್ಮಗುರುವಿನ ಮುಂದೆ ಆಟದವರು ಬಂದ ಘಟನೆಗಳು ದಿನಾಂಕಸಹಿತ ದೊರೆಯುವುದು ವ್ಯಾಟಿಕನ್ನಿನಲ್ಲಿ. 1890ರ ಮಾರ್ಚ್ 3ರಂದು, ಪೋಪ್ ಹದಿಮೂರನೆಯ ಲಿಯೋ ಅವರ ಪಟ್ಟಾಭಿಷೇಕದ ಹನ್ನೆರಡನೆಯ ವಾರ್ಷಿಕದ ದಿನ, ಬಫೆಲೊ ಬಿಲ್ಲನ ತಂಡ ಅವರ ದರ್ಶನ ಪಡೆಯಿತು. 2012ರ ಡಿಸೆಂಬರ್ 1ರಂದು ಹದಿನಾರನೆಯ ಬೆನೆಡಿಕ್ಟ್, 2016ರ ಜೂನ್ 16ರಂದು ಫ್ರಾನ್ಸಿಸ್ ಸರ್ಕಸ್ಸಿನವರನ್ನೂ ಜಾತ್ರೆಯ ಆಟದವರನ್ನೂ ಬರಮಾಡಿಕೊಂಡರು. ದಿನಾಂಕ, ಸ್ಥಳ, ಭಾಷಣದ ಪಾಠ ಇವೆಲ್ಲ ಅಲ್ಲಿವೆ. ಬಂದವರು ತಾವೇ ಏನು ಹೇಳಿದರೆಂಬುದು ಮಾತ್ರ ಆ ದಾಖಲೆಗಳಲ್ಲಿ ತೀರ ಕಡಿಮೆ. ಕನ್ನಡದ ಸಾಮಗ್ರಿಯ ಸ್ಥಿತಿ ಇದಕ್ಕೆ ತಿರುಗುಮುರುಗು: ಭೇಟಿಯ ದಿನಾಂಕ ಒಂದೂ ಇಲ್ಲ, ಬಂದವರ ಮಾತು ನೂರಾರು ವಚನಗಳಷ್ಟಿದೆ. ಸಾಕ್ಷ್ಯದ ಕೊರತೆ ಎಂದು ಹೇಳುವಾಗ ಯಾವ ಬಗೆಯ ಸಾಕ್ಷ್ಯದ ಕೊರತೆ ಎಂದು ಸೇರಿಸಿ ಹೇಳುವುದು ಸೂಕ್ತ.

9. ಮುಂದಿನ ಪರಿಶೀಲನೆಗೆ

ಎರಡು ಕೆಲಸಗಳು ತುರ್ತಿನವು. ಮೊದಲನೆಯದು, ಕಲಕೇತ ಎಂಬ ಹೆಸರಿನ ರೂಪಾಂತರಗಳನ್ನು ವಚನಕಟ್ಟುಗಳು, ಭೀಮಕವಿ ಮತ್ತು ಸೋಮನಾಥರ ಪಾಠಗಳು ಇವುಗಳಲ್ಲಿ ಸಾಲುಸಾಲಾಗಿ ಹೋಲಿಸುವುದು. ಮೇಖಲೇಶ್ವರಲಿಂಗದ ವಚನಗಳು ಸಂಖ್ಯೆಯಲ್ಲಿ ಕಡಿಮೆ ಇರುವುದರಿಂದ ಒಂದು ತಪ್ಪು ಸೇರ್ಪಡೆಯೂ ಇಡೀ ಚಿತ್ರವನ್ನು ಬದಲಿಸಬಲ್ಲದು. ಎರಡನೆಯದು ಕ್ಷೇತ್ರಕಾರ್ಯ. ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಸಂಕಲನಗಳಿಗಾಗಿ 1930ರ ದಶಕದ ಹೊತ್ತಿಗೆ ಹಾಡುಗಳನ್ನು ಕೂಡಿಹಾಕಿದಂತೆ, ವೇಷಗಾರರ ಮತ್ತು ದೊಂಬರ ನೆನಪುಗಳನ್ನು ಅವರ ಬಾಯಿಂದಲೇ ದಾಖಲಿಸಬೇಕಾಗಿದೆ. ಶ್ರಾವಣದಲ್ಲಿ ಬಸವನಬಾಗೇವಾಡಿಯ ಬಸವೇಶ್ವರ ಜಾತ್ರೆ ನಡೆಯುವ ದಿನಗಳು ಇದಕ್ಕೆ ಅನುಕೂಲ. ದಾಖಲಿಸುವವರು ಒಂದು ಎಚ್ಚರ ವಹಿಸಬೇಕು: ಬಹುರೂಪಿ ಚೌಡಯ್ಯನ ಹೆಸರು ಹೇಳುವವನು ಅದನ್ನು ಹಿರಿಯರಿಂದ ಕೇಳಿದ್ದನೋ, ಹಳಕಟ್ಟಿಯವರ ನಂತರ ಅಚ್ಚಾದ ಪುಸ್ತಕದಿಂದಲೋ ಪ್ರವಚನದಿಂದಲೋ ತಿಳಿದಿದ್ದನೋ ಎಂಬುದನ್ನು ಕೇಳಿ, ಉತ್ತರವನ್ನು ಹಾಡಿನ ಪಾಠದ ಜೊತೆಗೇ ಬರೆದಿಡಬೇಕು.